ಕಲ್ಲು ಒಡೆಸಿದ ಬೆನ್ನಿಗೆ ಶಾಖ ಬೇಡ

ಬೆಳಗಿನ ಆರೂವರೆ. ಕುವೆಂಪುನಗರದ ಸಣ್ಣ ಆಸ್ಪತ್ರೆಯೊಂದರಲ್ಲಿ ಆಯಾ ಪುಟ್ಟತಾಯಮ್ಮ ಮೂತ್ರಪಿಂಡದ ಕಲ್ಲು ಪುಡಿ ಮಾಡುವ ಯಂತ್ರಕ್ಕೆ ಜೆಲ್ ಸವರುತ್ತಿದ್ದಾರೆ. ರೋಗಿಯ ಬೆನ್ನು ಒರಗುವ ಜಾಗದಲ್ಲಿ ನೀರು ತುಂಬಿದ ರಬ್ಬರ್ ದಿಂಬಿದೆ. ಅದರ ಮೇಲೆ ಅಂಗೈ ನಿಧಾನವಾಗಿ ಓಡಾಡುತ್ತದೆ. "ಗಾಳಿ ಗುಳ್ಳೆ ಉಳುದ್ರೆ ಮಿಷಿನ್ ಏಟು ಒಳಕ್ಕೋಗ್ದೆ ಚರ್ಮಕ್ಕೇ ಬೀಳ್ತದಂತೆ. ಡಾಕ್ಟ್ರು ಹೇಳ್ಕೊಟ್ಟವ್ರೆ."

ಮೊದಲು ಇವರು ವಿದ್ಯಾರಣ್ಯಪುರಂನ ಒಂದೇ ಕೋಣೆಯ ಮನೆಯಲ್ಲಿ ಊದುಬತ್ತಿ ಹೊಸೆಯುತ್ತಿದ್ದವರು. ಇದ್ದಿಲಪುಡಿಗೆ ಕೆಮ್ಮು ಹತ್ತಿತು, ಸಾಕಬೇಕಾದ ಇಬ್ಬರು ಹೆಣ್ಣುಮಕ್ಕಳಿದ್ದರು. ತೊಂಬತ್ತೇಳರಲ್ಲಿ ಇಲ್ಲಿ ನೆಲ ಒರೆಸಲು ಸೇರಿದರು. ಅದೇ ವರ್ಷ ಈ ಯಂತ್ರವೂ ಬಂತು. ಟಕಟಕ ಸದ್ದಿಗೆ ಬೆದರುವವರ ಕೈ ಹಿಡಿದುಕೊಳ್ಳಲು ಯಾರಾದರೂ ಬೇಕಿತ್ತು.

ಕೊಯ್ಯದೆ, ಹೊರಗಿನಿಂದಲೇ ಏಟು ಕೊಟ್ಟು ಕಲ್ಲೊಡೆಯುವ ಚಿಕಿತ್ಸೆ ಇದು. ಏಟು ಕಲ್ಲಿಗಷ್ಟೇ ತಾಗುವುದಿಲ್ಲ, ಸುತ್ತಲಿನ ಮಾಂಸಕ್ಕೂ ಸ್ವಲ್ಪ ತಾಗುತ್ತದೆ. ಸಣ್ಣ ರಕ್ತನಾಳಗಳು ಒಡೆದು ಒಂದೆರಡು ದಿನ ಮೂತ್ರ ಕೆಂಪಗಾಗುತ್ತದೆ, ಚರ್ಮ ಕಂದುತ್ತದೆ. ಸಾಮಾನ್ಯವಾಗಿ ತಾನಾಗಿಯೇ ವಾಸಿಯಾಗುತ್ತದೆ; ಉಜ್ಜಿದರೆ, ಶಾಖ ಕೊಟ್ಟರೆ ಒಳಗೆ ರಕ್ತ ಇನ್ನಷ್ಟು ಸೋರಬಹುದು.

ಇಂದು ಮಲಗಬೇಕಾದವರು ಒಂಟಿಕೊಪ್ಪಲಿನ ದಿನಸಿ ಅಂಗಡಿಯ ಗುರುಮಲ್ಲಪ್ಪ. ಮೊದಲ ಸಲ ಏಟು ತಿಂದು ಎರಡು ವಾರವಾಗಿದೆ, ಕಲ್ಲಿನ ಚೂರು ಇನ್ನೂ ಉಳಿದಿದೆ. ಬೆನ್ನಿಗೆ ಸವರಿದ ಜೆಲ್ ಯಾಕೋ ಜಾರುತ್ತದೆ. ಪುಟ್ಟತಾಯಮ್ಮ ಕೈ ಮೂಸಿ ನೋಡುತ್ತಾರೆ. ಹರಳೆಣ್ಣೆ.

"ಯಾರು ಸ್ವಾಮಿ ಎಣ್ಣೆ ಹಚ್ಚಿದ್ದು?"

"ನಮ್ಮನೆಯವಳು. ದಿನಾ ಉಜ್ಜಿ ಬಿಸಿನೀರ ಶಾಖ ಕೊಡ್ತಾಳೆ."

"ಎರಡೂ ಕೂಡ್ದು ಅಂತ ಹೇಳಿ ಕಳ್ಸಿರ್ಲಿಲ್ವಾ ನಾನು?"

"ನಂಗೆ ಹೇಳಿದ್ರಿ ಕಣಮ್ಮ. ಅವಳಿಗೆ ನಾನ್ ಹೇಳ್ಲಿಲ್ಲ. ಮದುವೆಯಾದಾಗಿಂದ ಒಂದ್ಸಲಾನೂ ಬೆನ್ನು ಒತ್ತಿದವಳಲ್ಲ. ಹಿತವಾಗಿತ್ತು, ಸುಮ್ನಾಗ್ಬುಟ್ಟೆ."

ಮಾಸಬೇಕಿದ್ದ ಕಂದಿದ ಕಲೆ ಸೊಂಟದವರೆಗೆ ಹರಡಿದೆ. ಬೆರಳು ತಾಕಿದರೆ ಗುರುಮಲ್ಲಪ್ಪ ಚೀರುತ್ತಾರೆ. "ಅಂಗಡಿ ಮುಚ್ಕೊಂಡು ಬಂದಿದೀನಿ, ಎಣ್ಣೆ ಒರೆಸಿ ಮುಗಿಸ್ಬುಡಿ."

"ಕಲ್ಲು ಎಲ್ಲೂ ಓಡೋಗಲ್ಲ, ಮಲಗಿ" ಎಂದು ಪುಟ್ಟತಾಯಮ್ಮ ಡಾಕ್ಟರನ್ನು ಕರೆಯಲು ಹೋಗುತ್ತಾರೆ.

ಸ್ಕ್ಯಾನಿನಲ್ಲಿ ಮೂತ್ರಪಿಂಡದ ಸುತ್ತ ರಕ್ತ ಕಟ್ಟಿರುವುದು ಕಾಣುತ್ತದೆ. ಏಟಿನಿಂದಲೇ ಆಯಿತೋ, ಉಜ್ಜಿ ಹೆಚ್ಚಾಯಿತೋ, ಡಾಕ್ಟರ್ ಖಚಿತವಾಗಿ ಹೇಳುವುದಿಲ್ಲ. ಈಗ ಮತ್ತೆ ಏಟು ಕೊಟ್ಟರೆ ಅಪಾಯ ಎಂದಷ್ಟೇ ಹೇಳಿ ಯಂತ್ರ ನಿಲ್ಲಿಸುತ್ತಾರೆ. ರಕ್ತ ತಾನಾಗಿ ನಿಲ್ಲದಿದ್ದರೆ ಆಪರೇಷನ್. ಮೂತ್ರಪಿಂಡವೇ ಹೋಗಬಹುದು. ಗುರುಮಲ್ಲಪ್ಪ ಅಂಗಡಿಯ ಮಾತು ಬಿಟ್ಟು ಆಸ್ಪತ್ರೆಯಲ್ಲೇ ಹಾಸಿಗೆ ಹಿಡಿಯುತ್ತಾರೆ.

ಆ ದಿನ ಪುಟ್ಟತಾಯಮ್ಮ ಡಾಕ್ಟರ ಹತ್ತಿರ ಒಂದು ಮಾತು ಕೇಳುತ್ತಾರೆ. "ಜೊತೇಲಿ ಬಂದ ಹೆಂಗಸ್ರನ್ನ ಬಾಗಿಲಾಚೆ ಬೆಂಚ್ ಮೇಲೆ ಕೂರುಸ್ತೀವಿ ಸಾರ್. ಮನೇಲಿ ಕೈ ಹಾಕೋರು ಅವ್ರೇ ತಾನೆ? ಅವ್ರನ್ನೂ ಒಳಕ್ಕೆ ಕರ್ದು ಹೇಳಾನ." ಡಾಕ್ಟರ್ ಆಗಲಿ ಎನ್ನುತ್ತಾರೆ.

ವಾರದ ಮೇಲೆ ಮತ್ತೆ ಸ್ಕ್ಯಾನ್. ರಕ್ತ ನಿಂತಿದೆ, ಮೂತ್ರಪಿಂಡ ಉಳಿದಿದೆ. ಮನೆಗೆ ಕಳಿಸುವ ಮುನ್ನ ಹೆಂಡತಿ ಬಸಮ್ಮನನ್ನು ಒಳಗೆ ಕರೆಯುತ್ತಾರೆ. ಎಲ್ಲ ಕೇಳಿಸಿಕೊಂಡ ಬಸಮ್ಮ ಗಂಡನ ಕಡೆ ತಿರುಗುತ್ತಾರೆ. "ಎಣ್ಣೆ ಸಾಲ್ದು, ಇನ್ನೊಸಿ ಹಾಕು ಅಂತಿದ್ರಲ್ಲ ನೀವು!" ಆಮೇಲೆ ದನಿ ತಗ್ಗುತ್ತದೆ. "ಹಂಗಾದ್ರೆ ನಾನೇನ್ ಮಾಡ್ಲಿ ತಾಯಿ, ಸುಮ್ನೆ ನೋಡ್ತಾ ಕೂರ್ಲಾ?"

"ನೀರು ಕುಡ್ಸಿ. ಬೆನ್ನು ಮುಟ್ಬ್ಯಾಡಿ" ಎನ್ನುತ್ತಾರೆ ಪುಟ್ಟತಾಯಮ್ಮ. ಗುರುಮಲ್ಲಪ್ಪನ ಬಾಡಿದ ಮುಖ ನೋಡಿ ಮತ್ತೆ ಬಸಮ್ಮನ ಕಡೆ ತಿರುಗುತ್ತಾರೆ. "ಕೈ ಸುಮ್ನಿರಲ್ಲ ಅಂದ್ರೆ, ಪಾದ ಒತ್ತಿ."