ತಮ್ಮನ ಗೇಮಿಗೆ ಅಕ್ಕನ ತೀರ್ಪು

ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ ಯೂಟ್ಯೂಬಿನಲ್ಲಿ ಹೊಸ ವಿಡಿಯೊ ಗೇಮುಗಳ ವಿಮರ್ಶೆ ಮಾಡುತ್ತಿದ್ದರು. ಕಾರ್ ರೇಸಾಗಲಿ, ಯುದ್ಧದ ಆಟವಾಗಲಿ, ಯಾರಾದರೂ ಮೆಚ್ಚಿದರೆ ಕಣ್ಣು ಕಿರಿದು ಮಾಡಿ, "ಇಷ್ಟ್ಯಾಕ ಹೊಗಳಾಕತ್ತಾರ?" ಎನ್ನುತ್ತಿದ್ದರು. ಪೂರ್ತಿ ಆಡದೆ ತೀರ್ಪು ಕೊಡುತ್ತಿರಲಿಲ್ಲ.

ಒಮ್ಮೆ ಅವರ ತಮ್ಮನೇ ಒಂದು ಒಗಟಿನ ಗೇಮ್ ಮಾಡಿದ. ಈ ಸಲ ಅಕ್ಕ ಹೊಗಳದೆ ಬಿಡುವುದಿಲ್ಲವೆಂದು ನಮಗೆಲ್ಲ ಗುಮಾನಿ. ವಿಡಿಯೊದಲ್ಲಿ ಅವರು, "ಇದು ನನ್ನ ತಮ್ಮ ಮಾಡಿದ್ದು. ಅದಕ್ಕ ನನ್ನ ಮಾತು ನಂಬಬ್ಯಾಡ್ರಿ, ನೀವೇ ಆಡಿ ನೋಡ್ರಿ. ನಾನಂತೂ ಪೂರ್ತಿ ಆಡೀನಿ, ಅರ್ಧಕ್ಕ ಭಾಳ ಬ್ಯಾಸರ ಆತು," ಎಂದರು.

ತಮ್ಮ ಬಹಳ ದಿನ ಮಾತು ಬಿಟ್ಟ. ಕೊನೆಗೊಂದು ಸಂಜೆ ಅಕ್ಕ ರೊಟ್ಟಿ ಬೇಯಿಸುತ್ತಿದ್ದರು, ನಾನೂ ಅಲ್ಲೇ ಕೂತಿದ್ದೆ. ಅವನು ಬಂದು, "ತಿದ್ದೀನಿ, ನೋಡಕ್ಕ," ಎಂದು ಫೋನ್ ಮುಂದಿಟ್ಟ. ಅಕ್ಕ ಅನುಮಾನದಿಂದಲೇ ಶುರುಮಾಡಿದರು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಾಗ ನಾನೇ ಎದ್ದು ಒಲೆ ಆರಿಸಿದೆ. ಅವರು ತಲೆ ಎತ್ತಲಿಲ್ಲ.