ಬೆಣ್ಣೆಗೈಗೆ ಬಂದ ಗಟ್ಟಿ ಸ್ಟೇರಿಂಗು

ಷಡ್ಡಕನ ಮನೆಯ ಹೊಸಿಲು ತುಳಿಯುವುದಿಲ್ಲ ಎಂದು ಬೆಣ್ಣೆಗೈ ಆಣೆ ಇಟ್ಟು ಎರಡು ವರ್ಷವಾಯಿತು. ಇಬ್ಬರ ಹೆಂಡತಿಯರು, ಅಕ್ಕತಂಗಿಯರು, ಮಾತ್ರ ಮಾತು ಬಿಟ್ಟಿಲ್ಲ, ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಾರೆ. ಬೆನ್ನಿಗೆ ಚೂರಿ ಹಾಕಿದವನನ್ನಾದರೂ ಒಂದು ದಿನ ಕ್ಷಮಿಸಬಹುದು. ಆ ಚೂರಿಯನ್ನು ನಮ್ಮ ಕೈಯಲ್ಲೇ ಮಸೆಸಿಕೊಂಡು ಹಾಕಿದವನನ್ನು ಏನು ಮಾಡೋದು, ನೀವೇ ಹೇಳಿ.

ಬೆಣ್ಣೆಗೈಯದು ಬಾಡಿಗೆ ಕಾರುಗಳ ಸಣ್ಣ ಕಂಪನಿಯಲ್ಲಿ ಮೂವತ್ತೊಂದು ವರ್ಷದ ಡ್ರೈವರ್ ಕೆಲಸ. ಓಡಿಸುತ್ತಿದ್ದದ್ದು ಒಂದೇ ಗಾಡಿ: ಕೆನೆ ಬಣ್ಣದ, ಉದ್ದ ಮೂತಿಯ ಹಳೇ ಕಾಲದ ಕಾರು. ಮದುವೆಗೆ, ಫೋಟೋಗೆ ಅಂತ ಜನ ಅದನ್ನೇ ಕೇಳಿಕೊಂಡು ಬರುತ್ತಿದ್ದರು. ಎಂಥ ತಿರುವಿನಲ್ಲೂ ಹಿಂದೆ ಕೂತವರ ಲೋಟದ ನೀರು ತುಳುಕದ ಹಾಗೆ ತಿರುಗಿಸುತ್ತಿದ್ದದ್ದರಿಂದ ಸತ್ತುಹೋದ ಹಳೇ ಮಾಲೀಕರು ಅವನಿಗೆ ಬೆಣ್ಣೆಗೈ ಎಂದು ಹೆಸರಿಟ್ಟರು. ಮನೆಯಲ್ಲಿ ವಾರಕ್ಕೊಂದು ಲೋಟ ಒಡೆಯುವವನಿಗೆ ಇದೆಂಥ ಹೆಸರು, ಬೆಣ್ಣೆಯೆಲ್ಲ ದಾರಿಯಲ್ಲೇ ಕರಗಿಹೋಗುತ್ತೇನೋ ಎಂದು ಹೆಂಡತಿ ಮೂಗು ಮುರಿಯುತ್ತಿದ್ದಳು.

ಹಳೇ ಮಾಲೀಕರ ಮಗ ಸ್ಟೇರಿಂಗ್ ಹಿಡಿಯಲು ಕಲಿತದ್ದೇ ಇವನ ತೊಡೆಯ ಮೇಲೆ ಕೂತು. ಹುಡುಗ ಇವನನ್ನು ಮಾಮ ಎನ್ನುತ್ತಿದ್ದ. ಮಾಲೀಕನ ಕುರ್ಚಿಗೆ ಬಂದ ಮೇಲೂ ಹಾಗೇ ಕರೆಯುತ್ತಿದ್ದ ಅನ್ನುವುದೇ ಬೆಣ್ಣೆಗೈಗೆ ದೊಡ್ಡ ಹೆಮ್ಮೆ. ಅದೇ ಅವನ ಕಣ್ಣಿಗೆ ಪಟ್ಟಿ ಕಟ್ಟಿತು ಅಂತ ನನ್ನ ಅಭಿಪ್ರಾಯ.

ಅರವತ್ತು ತುಂಬುವ ವರ್ಷ ಬಲಭುಜ ಹಿಡಿದುಕೊಂಡಿತು. ಅಂಗಿ ತೊಡುವಾಗ ಜೀವ ಬಾಯಿಗೆ ಬರುತ್ತಿತ್ತು. ಆದರೆ ಆ ಕಾರಿಗೆ ಪವರ್ ಸ್ಟೇರಿಂಗ್ ಇತ್ತು, ಎರಡು ಬೆರಳಿಗೆ ತಿರುಗುತ್ತಿತ್ತು. ಗಾಡಿಯಲ್ಲಿ ಕೂತರೆ ನೋವೇ ಇಲ್ಲ. ಆದರೂ ಈ ಭುಜದ ಸುದ್ದಿ ಕಂಪನಿಗೆ ಗೊತ್ತಾದರೆ ಸೀಟು ಹೋಯಿತು ಎಂಬ ಭಯ ಅವನನ್ನು ತಿನ್ನುತ್ತಿತ್ತು. ಅದನ್ನು ಹೇಳಿಕೊಂಡದ್ದು ಒಬ್ಬನ ಹತ್ತಿರ ಮಾತ್ರ, ಕಂಪನಿಯ ಗಾಡಿಗಳನ್ನೆಲ್ಲ ನೋಡಿಕೊಳ್ಳುವ ಮೆಕ್ಯಾನಿಕ್, ಅವನ ಷಡ್ಡಕ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟುಬಿಡು ಮಾರಾಯ ಎಂದ. ಷಡ್ಡಕ ಕೇಳಿದ್ದೇನೋ ಹೌದು, ಬಿಟ್ಟದ್ದು ಮಾತ್ರ ಮಾಲೀಕನ ಕಿವಿಗೆ.

ಒಂದು ಬೆಳಿಗ್ಗೆ ಕಾರಿನ ಕೆಳಗೆ ಎಣ್ಣೆ ಸುರಿದಿತ್ತು. ಷಡ್ಡಕ ಕೆಳಗೆ ತೂರಿ ನೋಡಿ, ಸ್ಟೇರಿಂಗ್ ಬಾಕ್ಸಿನ ಎಣ್ಣೆ ತಡೆಯೋ ಸೀಲು ಹೋಗಿದೆ, ಈ ಕಾಲದಲ್ಲಿ ಅದನ್ನು ಎಲ್ಲಿ ಹುಡುಕೋದು, ಪಂಪು ಪೈಪು ಎಲ್ಲ ಕಿತ್ತು ಪವರ್ ಇಲ್ಲದ ಸಾದಾ ಬಾಕ್ಸ್ ಕೂರಿಸೋದೇ ದಾರಿ ಎಂದ. ಅಷ್ಟರಲ್ಲಿ ಮಾಲೀಕ ಬಂದು ಬೆಣ್ಣೆಗೈಯ ಹೆಗಲ ಮೇಲೆ ಕೈ ಹಾಕಿದ, ಅದೂ ಬಲಹೆಗಲ ಮೇಲೆ.

"ಗಟ್ಟಿ ಸ್ಟೇರಿಂಗ್ ಆದ್ರೇನು ಮಾಮ, ನಿಮ್ಮ ಕೈಲಿ ಅದೂ ಬೆಣ್ಣೆ ಆಗುತ್ತೆ."

ಈ ಮಾತು ಕೇಳಿ ಉಬ್ಬಿದವನು ನೋವನ್ನೂ ಮರೆತ. ಗುಜರಿ ಅಂಗಡಿಗಳನ್ನು ಮೂರು ದಿನ ಜಾಲಾಡಿ, ಅದೇ ಮಾದರಿಯ ಸಾದಾ ಬಾಕ್ಸ್ ಹುಡುಕಿ ತಂದವನು ಇವನೇ. ಸೀಮೆಎಣ್ಣೆಯಲ್ಲಿ ತೊಳೆದು, ಹಲ್ಲುಗಳನ್ನು ಒಂದೊಂದಾಗಿ ಸವರಿ ನೋಡಿ, ಗ್ರೀಸ್ ತುಂಬಿದವನೂ ಇವನೇ. ಹಳೇ ಬಾಕ್ಸ್ ಬಿಚ್ಚಿದಾಗ, ಹೊಸದರ ದಂಡ ಗಿಡ್ಡವೆಂದು ಗೊತ್ತಾಗಿ ಜೋಡಣೆಯ ತುಂಡೊಂದನ್ನು ಮಾಡಿಸಬೇಕಾಯಿತು. ಅದಕ್ಕೆ ಲೇತ್ ಅಂಗಡಿಯ ಬಾಗಿಲು ಕಾದವನೂ ಇವನೇ. ಕೊನೆಗೆ ಬಾಕ್ಸಿನ ತಲೆಯ ಮೇಲಿನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ಸ್ಟೇರಿಂಗಿನ ಅಲ್ಲಾಟ ತೆಗೆದ. ಆ ಕೆಲಸ ಷಡ್ಡಕನಿಗೆ ಬರುತ್ತಿರಲಿಲ್ಲ. ಅವನು ಪಕ್ಕದಲ್ಲಿ ಟಾರ್ಚ್ ಹಿಡಿದುಕೊಂಡು ನಿಂತಿದ್ದ, ಒಂದು ಮಾತೂ ಆಡದೆ. ಹರಟೆಮಲ್ಲ ಬಾಯಿ ಮುಚ್ಚಿಕೊಂಡಿದ್ದಾಗಲೇ ಬೆಣ್ಣೆಗೈಗೆ ಅನುಮಾನ ಬರಬೇಕಿತ್ತು.

ಗಾಡಿ ಓಡುವಾಗ ಸ್ಟೇರಿಂಗ್ ಅಷ್ಟೇನೂ ಕಾಡಲಿಲ್ಲ. ಆದರೆ ಮದುವೆ ಮನೆಯ ಇಕ್ಕಟ್ಟಿನಲ್ಲಿ ನಿಲ್ಲಿಸಬೇಕೆಂದರೆ, ಮೊದಲು ಮೂರೂವರೆ ಸುತ್ತು ಇದ್ದದ್ದು ಈಗ ಐದೂವರೆ, ಅದೂ ಮೈಭಾರವೆಲ್ಲ ಹಾಕಿ. ಮೂರು ವಾರ ಹಲ್ಲು ಕಚ್ಚಿ ಓಡಿಸಿದ. ಮನೆಗೆ ಬಂದರೆ ಅನ್ನ ಕಲೆಸಲು ಕೈ ಏಳುತ್ತಿರಲಿಲ್ಲ, ಹೆಂಡತಿ ಚಮಚ ಕೊಟ್ಟಳು. ಮಾಲೀಕ ದಿನಾ ಸಂಜೆ ಹೇಗಿದೆ ಮಾಮ, ಕಷ್ಟ ಆಗ್ತಿಲ್ಲ ತಾನೇ ಎಂದು ಕೇಳುತ್ತಿದ್ದ. ಎಂಥ ಕಾಳಜಿ ಎಂದು ಇವನ ಕಣ್ಣು ತುಂಬುತ್ತಿತ್ತು, ಪಾಪ.

ನಾಲ್ಕನೇ ವಾರ ಕಾರಿನ ಮುಂಭಾಗ ಒಂದು ಕಂಬಕ್ಕೆ ತಗುಲಿತು. ಸಣ್ಣ ಗೀರು, ಅಷ್ಟೆ. ಆದರೆ ಹಿಂದಿನ ಸೀಟಿನಲ್ಲಿ ಮದುಮಗಳು ಕೂತಿದ್ದಳು. ಮರುದಿನ ಬೆಣ್ಣೆಗೈ ತಾನಾಗಿಯೇ ಆಫೀಸಿಗೆ ಹೋಗಿ ಕೀ ಮೇಜಿನ ಮೇಲಿಟ್ಟ. ನನ್ನ ಕೈಲಾಗಲ್ಲಪ್ಪ, ಗಾಡಿಗೆ ಅನ್ಯಾಯ ಮಾಡ್ತಿದ್ದೀನಿ, ಬೇರೆಯವರನ್ನ ನೋಡ್ಕೋ ಎಂದ. ಮಾಲೀಕ ಎದ್ದು ನಿಂತು ತಬ್ಬಿಕೊಂಡ. ಒಂದು ಗೋಡೆ ಗಡಿಯಾರ ಕೊಟ್ಟ. ಗಡಿಯಾರ ಹಿಡಿದು ಮನೆಗೆ ಬಂದವನು ಹೆಂಡತಿಯ ಮುಂದೆ ಮಗುವಿನ ಹಾಗೆ ಅತ್ತ. ಸೀಟು ಹೋದದ್ದಕ್ಕಲ್ಲ, ತಾನು ಕೈಲಾಗದವನಾದೆ ಎಂದು.

ಹತ್ತು ದಿನ ಕಳೆದ ಮೇಲೆ, ಬಾಕ್ಸ್ ಕೂರಿಸುವಾಗ ಬಿಟ್ಟುಬಂದಿದ್ದ ತನ್ನ ಸ್ಪ್ಯಾನರುಗಳ ಚೀಲ ತರಲು ಆಫೀಸಿನ ಹಿಂದಿನ ಷಡ್ಡಕನ ಶೆಡ್ಡಿಗೆ ಹೋದ. ಕೆನೆ ಬಣ್ಣದ ಕಾರು ಅಲ್ಲೇ ನಿಂತಿತ್ತು, ಎಂಜಿನ್ ಓಡುತ್ತಿತ್ತು, ಮುಂದಿನ ಮುಚ್ಚಳ ತೆರೆದಿತ್ತು. ತಾನು ಗುಜರಿಯಿಂದ ಹೊತ್ತು ತಂದ ಬಾಕ್ಸ್ ನೆಲದ ಮೇಲೆ ಬಿದ್ದಿತ್ತು. ಸೀಲು ಹೋಗಿದೆ ಎಂದಿದ್ದ ಹಳೇ ಪವರ್ ಬಾಕ್ಸ್ ಅದರ ಜಾಗಕ್ಕೆ ಮರಳಿ ಕೂತಿತ್ತು, ಒಂದು ಹನಿ ಎಣ್ಣೆಯೂ ಸೋರದೆ. ಡ್ರೈವರ್ ಸೀಟಿನಲ್ಲಿ ಮಾಲೀಕನ ಭಾಮೈದ ಕೂತಿದ್ದ. ಕೆಲಸವಿಲ್ಲದೆ ಅಕ್ಕನ ಮನೆಯಲ್ಲಿ ಉಂಡಾಡಿಕೊಂಡಿದ್ದ ಆಸಾಮಿ. ಗಟ್ಟಿ ಸ್ಟೇರಿಂಗಿನಿಂದ ಅವನಿಗೆ ಕೈ ನೋಯುತ್ತಿತ್ತಂತೆ.

ಬೆಣ್ಣೆಗೈ ಷಡ್ಡಕನನ್ನು ನೋಡಿದ. ಅವನು ಕೈ ಒರೆಸುವ ಬಟ್ಟೆಯನ್ನು ನೋಡುತ್ತ ಒಪ್ಪಿಕೊಂಡ: ಸೀಲಿಗೆ ಏನೂ ಆಗಿರಲಿಲ್ಲ, ಪೈಪಿನ ಕ್ಲಿಪ್ಪನ್ನು ತಾನೇ ಸಡಿಲಿಸಿದ್ದು. ಹಾಗೆ ಮಾಡಿಸಿದ್ದು ಮಾಲೀಕ. ಹೊಟ್ಟೆಪಾಡು, ಏನು ಮಾಡಲಿ ಎಂದ.

ಆಫೀಸಿನ ಕಡೆಯಿಂದ ಬಂದ ಮಾಲೀಕ ಇವನನ್ನು ಕಂಡು ಗಕ್ಕನೆ ನಿಂತ. ನಿಮ್ಮ ಮನಸ್ಸು ನೋಯಿಸಬಾರದು ಅಂತಲೇ ಹೀಗೆ ಮಾಡಿದ್ದು, ಹೋಗಿ ಅನ್ನೋಕೆ ನನಗೆ ಬಾಯಿ ಬರಲಿಲ್ಲ ಮಾಮ ಎಂದು ತೊದಲಿದ.

ಬೆಣ್ಣೆಗೈ ಭಾಮೈದನನ್ನು ಇಳಿಯಲು ಹೇಳಿ ತನ್ನ ಸೀಟಿನಲ್ಲಿ ಕೂತ. ಬಲಗೈಯ ಎರಡು ಬೆರಳನ್ನು ಸ್ಟೇರಿಂಗಿಗೆ ತಾಗಿಸಿ ಆ ತುದಿಯಿಂದ ಈ ತುದಿಗೆ ಪೂರ್ತಿ ತಿರುಗಿಸಿದ. ಭುಜ ಕಮಕ್ ಕಿಮಕ್ ಅನ್ನಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಆಮೇಲೆ ಇಳಿದು ಮಾಲೀಕನ ಎದುರು ನಿಂತ.

"ಹೋಗು ಅಂದಿದ್ರೆ ಡ್ರೈವರಾಗೇ ಮನೆಗೆ ಹೋಗ್ತಿದ್ದೆ ಕಣೋ. ಕೈಲಾಗಲ್ಲ ಅಂತ ನನ್ನ ಬಾಯಲ್ಲೇ ಹೇಳಿಸಿದೆಯಲ್ಲ. ನಾನದನ್ನ ನಂಬಿಬಿಟ್ಟಿದ್ದೆ."