ಕೈಪಂಪಿಗಿಳಿದ ಫೈಬರ್ ಕಡ್ಡಿ

ಕೆಂಪಸಿದ್ದಯ್ಯನ ಲೆಕ್ಕದಲ್ಲಿ ಲೋಕದಲ್ಲಿರುವುದು ಎರಡೇ ತರದ ಜನ: ಕೈಪಂಪು ಬಿಚ್ಚಿ ಜೋಡಿಸಬಲ್ಲವರು, ಮಿಕ್ಕ ದಂಡಪಿಂಡಗಳು. ಬೆಸಗರಹಳ್ಳಿ ಸುತ್ತಿನ ಪಂಪುಗಳನ್ನೆಲ್ಲ ಮೂವತ್ತು ವರ್ಷ ರಿಪೇರಿ ಮಾಡಿದ ಕೈ ಅವನದು. ಈಗ ರಿಟೈರು. ಕೈಗೆ ಕೆಲಸವಿಲ್ಲ, ಬಾಯಿಗೆ ಬಿಡುವಿಲ್ಲ.

ಅವನ ಬೀದಿಯ ಪಂಪಿನ ಎದುರಿಗೇ ಅಕ್ಕ ಚಲುವಮ್ಮನ ಮನೆ. ನಲ್ಲಿ ನೀರು ನಾಲ್ಕು ದಿನಕ್ಕೊಂದು ಸಲ. ಅವಳ ಎರಡು ಎಮ್ಮೆ ಬದುಕಿದ್ದೇ ಈ ಪಂಪಿನಿಂದ. ಒಳಗಿನ ಕಬ್ಬಿಣದ ಸರಳು ತುಕ್ಕು ತಿಂದು ನೀರು ಕೆಂಪಗಾದಾಗ ಪಂಚಾಯ್ತಿಯವರು ಖಡಾಖಂಡಿತ ಹೇಳಿದ್ದರು: ಫೈಬರ್ ಸರಳು ಹಾಕಿ ನೋಡ್ತೀವಿ, ನೀರು ಬಂದ್ರೆ ಸರಿ, ಇಲ್ಲದಿದ್ರೆ ಬೋರು ಮುಚ್ಚಿಸ್ತೀವಿ.

ಹಾಕಲು ಬಂದವನು ಮಂಡ್ಯದ ಕಂಟ್ರಾಕ್ಟರ್ ರಾಜೇಂದ್ರ. ಇಸ್ತ್ರಿ ಶರ್ಟು, ಕಿವಿಗೆ ಫೋನು, ಉಗುರಲ್ಲಿ ಒಂದು ಚೂರು ಗ್ರೀಸಿಲ್ಲ. ಥೂ, ಇವನೂ ಒಬ್ಬ ಮೇಸ್ತ್ರಿ! ಕೆಂಪಸಿದ್ದಯ್ಯ ಅಕ್ಕನ ಜಗಲಿ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತ.

"ಏನಯ್ಯಾ, ಊದುಬತ್ತಿ ತಂದಿದ್ದೀಯಾ?"

"ಫೈಬರ್ ಯಜಮಾನ್ರೇ. ತುಕ್ಕು ಹಿಡಿಯಲ್ಲ. ಬಲು ಹಗುರ."

ಹಗುರವೇ ಎಡವಟ್ಟು ಅಂತ ಕೆಂಪಸಿದ್ದಯ್ಯನಿಗೆ ಆಗಲೇ ಹೊಳೆಯಿತು. ಪಂಪಿನ ಹಿಡಿಗೂ ಸರಳಿಗೂ ನಡುವೆ ಇರುವುದು ಒಂದು ಚೈನು. ಅದು ಮೇಲಕ್ಕೆ ಎಳೆದೀತು, ಕೆಳಕ್ಕೆ ತಳ್ಳುವುದೆಲ್ಲಿ ಬಂತು? ಕಬ್ಬಿಣದ ಸರಳಾದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತಿತ್ತು. ಈ ಕಡ್ಡಿ ಇಳಿಯಬೇಕಾದರೆ ತಳದಲ್ಲಿ ಎರಡು ದಪ್ಪ ಕಬ್ಬಿಣದ ಸರಳು ಸೇರಿಸಬೇಕು, ಅಷ್ಟೇ. ಅಂಥವು ಎರಡು ಅವನ ಹಿತ್ತಲಲ್ಲೇ ಬಿದ್ದಿದ್ದವು. ಆದರೂ ಬಾಯಿ ಬಿಡಲಿಲ್ಲ. ಬಂದು ಕೈಮುಗಿದು ಕೇಳಲಿ, ಆಮೇಲೆ ನೋಡೋಣ.

ಜೋಡಿಸಿದ್ದಾಯಿತು. ಹಿಡಿ ಒತ್ತಿದರೆ ಕಡ್ಡಿ ಮೇಲೆ ಬಂತು. ಹಿಡಿ ಎತ್ತಿದರೆ ಚೈನು ಸೊಟ್ಟಗೆ ಜೋತುಬಿತ್ತು, ಕಡ್ಡಿ ಇದ್ದಲ್ಲೇ ಇತ್ತು. ಒಂದು ಹನಿ ನೀರಿಲ್ಲ. ಕೆಂಪಸಿದ್ದಯ್ಯನಿಗೆ ಹೊಟ್ಟೆ ತುಂಬ ನಗು.

ಚಲುವಮ್ಮ ಕೊಡ ಕೆಳಗಿಟ್ಟು ಬಂದಳು. "ಲೇ ಸಿದ್ದ, ಏನಾಗದೆ ಅಂತ ಒಸಿ ನೋಡ್ಬಾರ್ದೇನ್ಲಾ?"

"ಓದಿರೋರು ಅವ್ರೇ ಅಲ್ವಾ, ಬುಡಕ್ಕ. ನಾವೇನ್ ಕಂಡೀವಿ?"

ರಾಜೇಂದ್ರನೂ ಕೇಳಲಿಲ್ಲ. ಕೇಳಿದರೆ ಇಸ್ತ್ರಿ ಕೆಡುತ್ತದಲ್ಲ! ಚೈನು ಕಿತ್ತು, ಆ ಜಾಗಕ್ಕೆ ಕಬ್ಬಿಣದ ಪಟ್ಟಿ ಬಿಗಿಸಿ, "ಹಿಡಿ ಎತ್ರೋ ಜೋರಾಗಿ, ಕಡ್ಡಿ ಕೆಳಕ್ಕೆ ಹೋಗ್ಲಿ" ಅಂತ ಆಳುಗಳಿಗೆ ಕೂಗಿದ. ಎಷ್ಟು ಎಳೆದರೂ ತಡೆಯುವ ಕಡ್ಡಿ ತಳ್ಳಿದರೆ ತಡೆಯುವುದಿಲ್ಲ. ಅದೂ ಕೆಂಪಸಿದ್ದಯ್ಯನಿಗೆ ಗೊತ್ತಿತ್ತು. ನಾಲ್ಕನೇ ಸಲಕ್ಕೆ ಒಳಗೆ ಕಡ್ಡಿ ಲಟಕ್ ಅಂತ ಮುರಿಯಿತು.

ಮಧ್ಯಾಹ್ನದೊಳಗೆ ಪಂಚಾಯ್ತಿಯವರು ಫೇಲು ಅಂತ ಬರೆದುಕೊಂಡು, ಪೈಪು ಎತ್ತಿಸಿ, ಬೋರಿನ ಬಾಯಿಗೆ ಸಿಮೆಂಟು ಮೆತ್ತಿಸಿದರು. ರಾಜೇಂದ್ರ ಕಾರು ಹತ್ತಿ ಹೋದ.

ಕೆಂಪಸಿದ್ದಯ್ಯ ಮೀಸೆ ತೀಡುತ್ತ ಅಕ್ಕನ ಬಳಿ ಬಂದ. "ತಳುಕ್ಕೆ ಎಲ್ಡು ಕಬ್ಬುಣದ ಸಳ್ಳು ಆಕಿದ್ರೆ ನೀರು ದಬದಬ ಅಂತ ಬತ್ತಿತ್ತು ಕಣಕ್ಕ. ನಮ್ ಇತ್ಲಲ್ಲೇ ಬಿದ್ದವೆ. ದಡ್ಡ ನನ್ಮಗ, ಅಷ್ಟೂ ಗೊತ್ತಿಲ್ಲ ಅವುಂಗೆ."

ಚಲುವಮ್ಮ ಎಮ್ಮೆಗಳ ಹಗ್ಗ ಬಿಚ್ಚುತ್ತಿದ್ದಳು. ಕೆರೆಗೆ ಒಂದು ಮೈಲಿ ನಡೆಯಬೇಕು.

"ಅವುಂಗೆ ಗೊತ್ತಿರ್ನಿಲ್ಲ, ಕೆಡುಸ್ದ. ನಿಂಗೆ ಎಲ್ಲಾ ಗೊತ್ತಿತ್ತು" ಅಂದಳು. "ನಿನ್ಗಿಂತ ಅವ್ನೇ ವಾಸಿ ಕಣ್ಲಾ."